ಓಪನ್‌ರಿಫೈನ್

ಓಪನ್‌ರಿಫೈನ್ ಎಂಬುದು ಅಸ್ತವ್ಯಸ್ತವಾಗಿರುವ ದತ್ತಾಂಶವನ್ನು ಪರಿಶೀಲಿಸಲು, ಶುದ್ಧಗೊಳಿಸಲು ಹಾಗೂ ಒಂದು ರೂಪದಿಂದ ಮತ್ತೊಂದು ರೂಪಕ್ಕೆ ಪರಿವರ್ತಿಸಲು ಬಳಸುವ ಮುಕ್ತ ಆಕರ ತಂತ್ರಾಂಶವಾಗಿದೆ. ಜಾವಾ ಭಾಷೆಯಲ್ಲಿ ರಚಿತವಾಗಿರುವ ಇದು ಬಿಎಸ್‌ಡಿ ಪರವಾನಗಿಯ ಅಡಿಯಲ್ಲಿ ಉಚಿತವಾಗಿ ದೊರೆಯುತ್ತದೆ. ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ವ್ಯವಸ್ಥೆಗಳಲ್ಲಿ ಕಾರ್ಯನಿರ್ವಹಿಸುತ್ತದೆ. 2010ರಲ್ಲಿ ‘ಫ್ರೀಬೇಸ್ ಗ್ರಿಡ್‌ವರ್ಕ್ಸ್’ ಎಂಬ ಹೆಸರಿನಿಂದ ಬಿಡುಗಡೆಯಾಗಿ, ಅದೇ ವರ್ಷ ‘ಗೂಗಲ್ ರಿಫೈನ್’ ಎನಿಸಿಕೊಂಡು, 2012ರಿಂದ ಈಗಿನ ಹೆಸರನ್ನು ಪಡೆದಿದೆ. ಪೋಷಿಸುತ್ತಿದ್ದ ವಾಣಿಜ್ಯ ಸಂಸ್ಥೆ ಹಿಂದೆ ಸರಿದ ಮೇಲೆ ಸ್ವಯಂಸೇವಕರ ದುಡಿಮೆಯಿಂದಲೂ ಬಳಕೆದಾರರ ಸಲಹೆ, ದೂರು ಹಾಗೂ ತಿದ್ದುಪಡಿಗಳಿಂದಲೂ ಉಳಿದುಬಂದ ತಂತ್ರಾಂಶಗಳಿಗೆ ಇದೊಂದು ಉತ್ತಮ ನಿದರ್ಶನ.

ಹಿನ್ನೆಲೆ

ಗ್ರಂಥಾಲಯದ ಸೂಚಿ, ವಸ್ತುಸಂಗ್ರಹಾಲಯದ ದಾಖಲೆ, ಸರ್ಕಾರಿ ಇಲಾಖೆಯ ಪಟ್ಟಿ ಮುಂತಾದವುಗಳನ್ನು ಹಲವರು ಹಲವು ಕಾಲದಲ್ಲಿ ತುಂಬಿರುತ್ತಾರೆ. ಹೀಗಾಗಿ ಒಂದೇ ಊರಿನ ಹೆಸರು ನಾಲ್ಕು ಬಗೆಯಲ್ಲಿ, ಒಬ್ಬನೇ ಲೇಖಕನ ಹೆಸರು ಮೂರು ಬಗೆಯಲ್ಲಿ, ದಿನಾಂಕಗಳು ಮನಬಂದ ಕ್ರಮದಲ್ಲಿ ಸೇರಿಕೊಂಡಿರುವುದು ಸಾಮಾನ್ಯ. ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಪದದ ಕೊನೆಯಲ್ಲಿ ಉಳಿದಿದ್ದರೂ ಗಣಕಯಂತ್ರ ಅದನ್ನು ಬೇರೆಯೇ ಪದವೆಂದು ಎಣಿಸುತ್ತದೆ. ಅಂತಹ ಪಟ್ಟಿಯಿಂದ ತೆಗೆದ ಎಣಿಕೆಗಳೆಲ್ಲವೂ ತಪ್ಪಾಗುತ್ತವೆ.

ಇದನ್ನು ಸರಿಪಡಿಸಲು ಬಹುಕಾಲದಿಂದ ಎರಡು ಮಾರ್ಗಗಳಿದ್ದವು. ಎಕ್ಸೆಲ್‌ನಂತಹ ಕೋಷ್ಟಕ ತಂತ್ರಾಂಶದಲ್ಲಿ ಕೈಯಾರೆ ತಿದ್ದುವುದು ಒಂದು. ಇದರಲ್ಲಿ ಯಾವ ಕೋಶವನ್ನು ಯಾವಾಗ ಏಕೆ ತಿದ್ದಲಾಯಿತೆಂಬ ಕ್ರಮಬದ್ಧ ಲೆಕ್ಕ ಉಳಿಯುವುದಿಲ್ಲ. ತಾವೇ ಕ್ರಮವಿಧಿಯನ್ನು ಬರೆದು ತಿದ್ದುವುದು ಇನ್ನೊಂದು. ಇದಕ್ಕೆ ಬೇಕಾದ ಪರಿಣತಿ ಗ್ರಂಥಪಾಲಕರು, ಪತ್ರಕರ್ತರು, ಇತಿಹಾಸಕಾರರು ಮೊದಲಾದವರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಈ ಎರಡರ ನಡುವಿನ ಸ್ಥಾನವನ್ನು ಓಪನ್‌ರಿಫೈನ್ ತುಂಬುತ್ತದೆ.

ಇತಿಹಾಸ

ಈ ತಂತ್ರಾಂಶವನ್ನು ಅಮೆರಿಕದ ಮೆಟಾವೆಬ್ ಟೆಕ್ನಾಲಜೀಸ್ ಸಂಸ್ಥೆಯಲ್ಲಿ ಡೇವಿಡ್ ಹ್ವಿನ್ ಮತ್ತು ಸ್ಟೆಫಾನೊ ಮಜ್ಜೋಕಿ ರೂಪಿಸಿದರು. ಮೆಟಾವೆಬ್ ಆಗ ‘ಫ್ರೀಬೇಸ್’ ಎಂಬ ಮುಕ್ತ ಜ್ಞಾನಸಂಚಯವನ್ನು ನಡೆಸುತ್ತಿತ್ತು. ಹೊರಗಿನ ಪಟ್ಟಿಗಳನ್ನು ಶುದ್ಧಗೊಳಿಸಿ ಆ ಸಂಚಯಕ್ಕೆ ಜೋಡಿಸುವುದು ಗ್ರಿಡ್‌ವರ್ಕ್ಸ್‌ನ ಮೂಲ ಉದ್ದೇಶಗಳಲ್ಲಿ ಒಂದಾಗಿತ್ತು. 2010ರ ಜುಲೈನಲ್ಲಿ ಗೂಗಲ್ ಸಂಸ್ಥೆ ಮೆಟಾವೆಬ್ ಅನ್ನು ಕೊಂಡುಕೊಂಡಿತು. ಅದೇ ವರ್ಷದ ನವೆಂಬರ್‌ನಲ್ಲಿ ‘ಗೂಗಲ್ ರಿಫೈನ್’ 2.0 ಆವೃತ್ತಿ ಹೊರಬಂದಿತು. ಪ್ರೊಪಬ್ಲಿಕಾ, ಶಿಕಾಗೊ ಟ್ರಿಬ್ಯೂನ್ ಮೊದಲಾದ ಸುದ್ದಿಸಂಸ್ಥೆಗಳು ಆರಂಭದ ಬಳಕೆದಾರರ ಸಾಲಿಗೆ ಸೇರಿದವು.

2011ರ ಡಿಸೆಂಬರ್‌ನಲ್ಲಿ 2.5ನೇ ಆವೃತ್ತಿ ಬಿಡುಗಡೆಯಾಯಿತು. 2012ರ ಅಕ್ಟೋಬರ್‌ನಲ್ಲಿ ಗೂಗಲ್ ತನ್ನ ನೇರ ಬೆಂಬಲವನ್ನು ನಿಲ್ಲಿಸಿತು. ಆಕರ ಸಂಕೇತ ಮೊದಲೇ ಮುಕ್ತವಾಗಿದ್ದ ಕಾರಣ ಬಳಕೆದಾರರೂ ಸ್ವಯಂಸೇವಕರೂ ಅದನ್ನು ಓಪನ್‌ರಿಫೈನ್ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಮುಂದಿನ ಕೆಲವು ವರ್ಷಗಳು ಕಷ್ಟದವಾಗಿದ್ದವು. 2.6ನೇ ಆವೃತ್ತಿಯ ಪರೀಕ್ಷಾರ್ಥ ರೂಪಗಳು ಬಂದವಾದರೂ ಹೊಸ ಹೆಸರಿನ ಸ್ಥಿರ ಆವೃತ್ತಿಯಾದ 2.7 ಹೊರಬರಲು 2017ರವರೆಗೆ ಕಾಯಬೇಕಾಯಿತು. ಈ ನಡುವೆ 2016ರಲ್ಲಿ ಫ್ರೀಬೇಸ್ ಕೂಡ ಮುಚ್ಚಿಹೋಯಿತು. ಯಾವ ಸಂಚಯಕ್ಕೆ ಪೂರಕವಾಗಿ ಈ ಉಪಕರಣ ಹುಟ್ಟಿತೋ ಅದೇ ಇಲ್ಲವಾದರೂ ಉಪಕರಣ ಉಳಿಯಿತು.

2018ರಲ್ಲಿ ಬಂದ 3.0 ಆವೃತ್ತಿಯು ಶುದ್ಧಗೊಳಿಸಿದ ದತ್ತಾಂಶವನ್ನು ನೇರವಾಗಿ ವಿಕಿಡೇಟಾಕ್ಕೆ ಸೇರಿಸುವ ಸೌಲಭ್ಯವನ್ನು ಒದಗಿಸಿತು. 2019ರಲ್ಲಿ ಚಾನ್ ಝುಕರ್‌ಬರ್ಗ್ ಇನಿಷಿಯೇಟಿವ್ ಸಂಸ್ಥೆಯ ಧನಸಹಾಯ ಘೋಷಣೆಯಾಯಿತು. ಬಳಿಕ ‘ಕೋಡ್ ಫಾರ್ ಸೈನ್ಸ್ ಅಂಡ್ ಸೊಸೈಟಿ’ ಎಂಬ ಲಾಭರಹಿತ ಸಂಸ್ಥೆ ಯೋಜನೆಯ ಹಣಕಾಸಿನ ಆಶ್ರಯದಾತವಾಯಿತು. 2022ರ 3.6ನೇ ಆವೃತ್ತಿಯಲ್ಲಿ ವಿಕಿಮೀಡಿಯ ಕಾಮನ್ಸ್‌ಗೂ ಬೆಂಬಲ ದೊರೆಯಿತು.

ಕಾರ್ಯವಿಧಾನ

ಓಪನ್‌ರಿಫೈನ್ ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದೆಯಾದರೂ ಅದು ಅಂತರಜಾಲದ ಸೇವೆಯಲ್ಲ. ಬಳಕೆದಾರನ ಗಣಕಯಂತ್ರದಲ್ಲೇ ಒಂದು ಚಿಕ್ಕ ಸರ್ವರ್ ಚಾಲನೆಗೊಂಡು, ಅದರ ಪುಟವನ್ನು ಬ್ರೌಸರ್ ತೋರಿಸುತ್ತದೆ. ಆದ್ದರಿಂದ ಬಳಕೆದಾರನು ತಾನಾಗಿ ಹೊರಗಿನ ಸೇವೆಯೊಂದನ್ನು ಕರೆಯದ ಹೊರತು ದತ್ತಾಂಶ ಆ ಯಂತ್ರವನ್ನು ಬಿಟ್ಟು ಹೋಗುವುದಿಲ್ಲ. ರೋಗಿಗಳ ವಿವರ, ವಿದ್ಯಾರ್ಥಿಗಳ ಅಂಕ ಮುಂತಾದ ಗೋಪ್ಯ ಮಾಹಿತಿಯನ್ನು ನಿರ್ವಹಿಸುವವರಿಗೆ ಈ ಗುಣ ಮಹತ್ವದ್ದು.

ಕಡತವನ್ನು ಆಮದು ಮಾಡಿಕೊಂಡಾಗ ಅದರ ಪ್ರತಿಯೊಂದು ಸಿದ್ಧವಾಗುತ್ತದೆ. ಮೂಲ ಕಡತಕ್ಕೆ ಕೈ ಹಚ್ಚುವುದಿಲ್ಲ. ಕೋಷ್ಟಕ ತಂತ್ರಾಂಶದಲ್ಲಿ ಒಂದೊಂದು ಕೋಶದ ಮೇಲೆ ಕೆಲಸ ನಡೆದರೆ, ಇಲ್ಲಿ ಸಾಮಾನ್ಯವಾಗಿ ಇಡೀ ಅಂಕಣದ ಮೇಲೆ, ಅಥವಾ ಶೋಧಿಸಿ ತೆಗೆದ ಸಾಲುಗಳ ಮೇಲೆ ಒಮ್ಮೆಗೇ ಕೆಲಸ ನಡೆಯುತ್ತದೆ.

ಪ್ರಮುಖ ಸೌಲಭ್ಯಗಳು

ಫ್ಯಾಸೆಟ್: ಒಂದು ಅಂಕಣದಲ್ಲಿರುವ ಬೇರೆಬೇರೆ ಮೌಲ್ಯಗಳನ್ನೂ ಪ್ರತಿಯೊಂದೂ ಎಷ್ಟು ಸಲ ಬಂದಿದೆ ಎಂಬುದನ್ನೂ ಪಕ್ಕದಲ್ಲಿ ಪಟ್ಟಿಮಾಡಿ ತೋರಿಸುವ ವ್ಯವಸ್ಥೆ ಇದು. ಸಾವಿರಾರು ಸಾಲುಗಳಲ್ಲಿ ಅಡಗಿದ್ದ ತಪ್ಪು ಕಾಗುಣಿತ ಈ ಪಟ್ಟಿಯಲ್ಲಿ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಅದನ್ನು ಅಲ್ಲಿಯೇ ತಿದ್ದಿದರೆ ಆ ಮೌಲ್ಯವಿರುವ ಎಲ್ಲ ಸಾಲುಗಳೂ ತಿದ್ದಲ್ಪಡುತ್ತವೆ.

ಗುಂಪುಗೂಡಿಸುವಿಕೆ: ಒಂದೇ ಆಗಿರಬಹುದಾದ ಬರಹರೂಪಗಳನ್ನು ತಂತ್ರಾಂಶವೇ ಹುಡುಕಿ ಮುಂದಿಡುತ್ತದೆ. ಇದರಲ್ಲಿ ಎರಡು ವರ್ಗದ ವಿಧಾನಗಳಿವೆ. ಮೊದಲನೆಯದರಲ್ಲಿ ಪ್ರತಿ ಮೌಲ್ಯಕ್ಕೂ ಒಂದು ಕೀಲಿಯನ್ನು ರಚಿಸಿ, ಒಂದೇ ಕೀಲಿ ಬಂದವುಗಳನ್ನು ಒಟ್ಟಿಗೆ ಸೇರಿಸಲಾಗುತ್ತದೆ. ‘ಬೆರಳಚ್ಚು’ ಎಂಬರ್ಥದ ಹೆಸರಿನ ವಿಧಾನ ಇವುಗಳಲ್ಲಿ ಹೆಚ್ಚು ಪರಿಚಿತ: ಇದು ವಿರಾಮಚಿಹ್ನೆಗಳನ್ನು ತೆಗೆದು, ಪದಗಳನ್ನು ಅಕಾರಾದಿಯಾಗಿ ಜೋಡಿಸಿ, ಪುನರುಕ್ತಿಯನ್ನು ಬಿಡುತ್ತದೆ. ‘ಮೈಸೂರು ವಿಶ್ವವಿದ್ಯಾನಿಲಯ’ ಮತ್ತು ‘ವಿಶ್ವವಿದ್ಯಾನಿಲಯ, ಮೈಸೂರು’ ಎಂಬೆರಡಕ್ಕೂ ಹೀಗೆ ಒಂದೇ ಕೀಲಿ ದೊರೆಯುತ್ತದೆ. ಎರಡನೆಯ ವರ್ಗದಲ್ಲಿ ಒಂದು ಪದವನ್ನು ಇನ್ನೊಂದಾಗಿ ಮಾರ್ಪಡಿಸಲು ಎಷ್ಟು ಚಿಹ್ನೆಗಳನ್ನು ಬದಲಿಸಬೇಕೆಂದು ಎಣಿಸಿ ಅವುಗಳ ಅಂತರವನ್ನು ಅಳೆಯಲಾಗುತ್ತದೆ. ಇದಕ್ಕೆ ಲೆವೆನ್‌ಸ್ಟೈನ್ ಅಂತರವೆಂದು ಹೆಸರು. ಎರಡರಲ್ಲಿಯೂ ತಂತ್ರಾಂಶ ಸೂಚನೆಯನ್ನಷ್ಟೇ ಕೊಡುತ್ತದೆ. ಒಂದುಗೂಡಿಸುವ ತೀರ್ಮಾನ ಬಳಕೆದಾರನದು.

ತಾಳೆ ನೋಡುವಿಕೆ: ಅಂಕಣದಲ್ಲಿರುವ ಹೆಸರುಗಳನ್ನು ವಿಕಿಡೇಟಾದಂತಹ ಹೊರಗಿನ ಸಂಚಯದೊಡನೆ ತಾಳೆ ನೋಡಿ, ಸರಿಹೊಂದುವ ನಮೂದಿನ ಗುರುತುಸಂಖ್ಯೆಯನ್ನು ಜೋಡಿಸುವ ಸೌಲಭ್ಯ. ಇದು ಮೊದಲು ಫ್ರೀಬೇಸ್‌ಗಾಗಿ ರೂಪುಗೊಂಡಿತ್ತು. ಈ ವ್ಯವಹಾರದ ವಿಧಿವಿಧಾನ ಮುಕ್ತವಾಗಿದ್ದುದರಿಂದ ಗ್ರಂಥಾಲಯಗಳೂ ಇತರ ಸಂಸ್ಥೆಗಳೂ ತಮ್ಮ ಸಂಚಯಗಳಿಗೆ ಅದನ್ನು ಅಳವಡಿಸಿಕೊಂಡವು.

ಕ್ರಿಯಾ ಇತಿಹಾಸ: ಮಾಡಿದ ಪ್ರತಿಯೊಂದು ಬದಲಾವಣೆಯೂ ಅನುಕ್ರಮವಾಗಿ ದಾಖಲಾಗುತ್ತದೆ. ಯಾವ ಹಂತಕ್ಕಾದರೂ ಹಿಂತಿರುಗಬಹುದು. ಬಹುತೇಕ ಕ್ರಿಯೆಗಳ ಸರಣಿಯನ್ನು ಪ್ರತ್ಯೇಕ ಕಡತವಾಗಿ ತೆಗೆದು ಬೇರೊಂದು ಪಟ್ಟಿಗೆ ಅನ್ವಯಿಸಲೂ ಸಾಧ್ಯ. ಆದರೆ ಹಿಂದಿನ ಹಂತಕ್ಕೆ ಹೋಗಿ ಅಲ್ಲಿಂದ ಹೊಸ ಕ್ರಿಯೆಯೊಂದನ್ನು ಮಾಡಿದರೆ, ಆ ಹಂತದ ನಂತರ ಇದ್ದವೆಲ್ಲ ಅಳಿಸಿಹೋಗುತ್ತವೆ.

ಸಂರಚನೆ

ಓಪನ್‌ರಿಫೈನ್‌ನ ವರ್ತನೆಯನ್ನು ನಿರ್ಧರಿಸುವ ಅಂಶಗಳು ಮೂರು ಕಡೆ ಹಂಚಿಹೋಗಿವೆ: ತಂತ್ರಾಂಶದ ಕಡತಕೋಶದಲ್ಲಿರುವ ಸಂರಚನಾ ಕಡತ, ಬ್ರೌಸರ್‌ನಲ್ಲಿ ಕಾಣುವ ಆದ್ಯತೆಗಳ ಪುಟ ಮತ್ತು ಆಯಾ ಕ್ರಿಯೆಯ ಕಿಟಕಿಯಲ್ಲಿರುವ ಆಯ್ಕೆಗಳು. ಬದಲಾಯಿಸದೆ ಬಿಟ್ಟರೆ ಪೂರ್ವನಿಯೋಜಿತ ಮೌಲ್ಯಗಳೇ ಜಾರಿಯಲ್ಲಿರುತ್ತವೆ.

ಮೆಮೊರಿ: ಇಡೀ ಯೋಜನೆಯ ದತ್ತಾಂಶವನ್ನು ಯಂತ್ರದ ಮೆಮೊರಿಯಲ್ಲಿ ಇಟ್ಟುಕೊಂಡು ಕೆಲಸ ಮಾಡುವುದು ಈ ತಂತ್ರಾಂಶದ ಮೂಲ ಸ್ವಭಾವ. ಅದಕ್ಕೆ ಪೂರ್ವನಿಯೋಜಿತವಾಗಿ ಮೀಸಲಿಟ್ಟಿರುವುದು ಸುಮಾರು 1 ಗಿಗಾಬೈಟ್ ಮಾತ್ರ. ಯಂತ್ರದಲ್ಲಿ 16 ಗಿಗಾಬೈಟ್ ಇದ್ದರೂ ಸಂರಚನಾ ಕಡತದಲ್ಲಿ ಹೆಚ್ಚಿಸದ ಹೊರತು ಅದು ಬಳಕೆಗೆ ಬಾರದು. ಒಟ್ಟು ಕೋಶಗಳು 10 ಲಕ್ಷವನ್ನು ಮೀರಿದರೆ ಅಥವಾ ಆಮದು ಕಡತ 50 ಮೆಗಾಬೈಟ್‌ಗಿಂತ ದೊಡ್ಡದಾಗಿದ್ದರೆ ಅದನ್ನು ದೊಡ್ಡ ದತ್ತಾಂಶವೆಂದು ಪರಿಗಣಿಸಿ ಮೆಮೊರಿಯನ್ನು ಮೊದಲೇ ಹೆಚ್ಚಿಸಿಕೊಳ್ಳುವಂತೆ ಕೈಪಿಡಿ ಸೂಚಿಸುತ್ತದೆ. ಕಾರ್ಯಾಚರಣ ವ್ಯವಸ್ಥೆಗೆ ಬೇಕಾದಷ್ಟನ್ನು ಬಿಟ್ಟು, ಉಳಿದುದರ ಅರ್ಧದಿಂದ ಆರಂಭಿಸುವುದು ಸೂಕ್ತ. 32 ಬಿಟ್‌ನ ಜಾವಾ ಇರುವ ಯಂತ್ರದಲ್ಲಿ ಒಂದು ಮಿತಿಯನ್ನು ಮೀರಿ ಹೆಚ್ಚಿಸಲು ಸಾಧ್ಯವಾಗುವುದಿಲ್ಲ.

ಫ್ಯಾಸೆಟ್‌ನ ಮಿತಿ: ಒಂದು ಅಂಕಣದಲ್ಲಿ 2000ಕ್ಕಿಂತ ಹೆಚ್ಚು ಭಿನ್ನ ಮೌಲ್ಯಗಳಿದ್ದರೆ ಪಟ್ಟಿ ತೋರುವುದಿಲ್ಲ. ಈ ಮಿತಿಯನ್ನು ಅಲ್ಲಿಯೇ, ಅಥವಾ ಆದ್ಯತೆಗಳ ಪುಟದಲ್ಲಿ ಏರಿಸಬಹುದು. ಬಹಳ ಏರಿಸಿದರೆ ಬ್ರೌಸರ್ ನಿಧಾನಗೊಳ್ಳುತ್ತದೆ.

ಆಮದು ಆಯ್ಕೆಗಳು: ಕೋಶದ ಬರಹವನ್ನು ಸಂಖ್ಯೆಯಾಗಿ ಓದಬೇಕೇ ಬೇಡವೇ ಎಂಬುದನ್ನು ಆಮದಿನ ಸಮಯದಲ್ಲಿ ಆಯ್ದುಕೊಳ್ಳಬೇಕು. ಸಂಖ್ಯೆಯಾಗಿ ಓದಿದಾಗ ಆರಂಭದ ಸೊನ್ನೆಗಳು ಬಿದ್ದುಹೋಗುತ್ತವೆ. ಅಮೆರಿಕದ ಬೋಸ್ಟನ್ ನಗರದ ಅಂಚೆ ಸಂಖ್ಯೆಯಾದ 02108 ಎಂಬುದು 2108 ಆಗಿಬಿಡುತ್ತದೆ. ಅಕ್ಷರ ಸಂಕೇತೀಕರಣವನ್ನು ತಪ್ಪಾಗಿ ಆರಿಸಿದರೆ ಲ್ಯಾಟಿನ್ ಅಲ್ಲದ ಲಿಪಿಗಳೆಲ್ಲ ಓದಲಾಗದ ಚಿಹ್ನೆಗಳಾಗುತ್ತವೆ.

ವಿಳಾಸ ಮತ್ತು ಉಳಿಕೆ: ಸರ್ವರ್ ಪೂರ್ವನಿಯೋಜಿತವಾಗಿ ಅದೇ ಯಂತ್ರದ 3333ನೇ ಪೋರ್ಟ್‌ನಲ್ಲಿ ಮಾತ್ರ ಲಭ್ಯವಿರುತ್ತದೆ. ಬೇರೆ ಯಂತ್ರಗಳಿಂದಲೂ ತೆರೆಯುವಂತೆ ಇದನ್ನು ಬದಲಾಯಿಸಬಹುದು. ಆದರೆ ತಂತ್ರಾಂಶದಲ್ಲಿ ಗುಪ್ತಪದದ ವ್ಯವಸ್ಥೆಯೇ ಇಲ್ಲದ ಕಾರಣ, ಹಾಗೆ ತೆರೆದಿಟ್ಟರೆ ಆ ಜಾಲದಲ್ಲಿರುವ ಯಾರು ಬೇಕಾದರೂ ಎಲ್ಲ ಯೋಜನೆಗಳನ್ನೂ ನೋಡಬಹುದು, ಅಳಿಸಲೂಬಹುದು. ಮಾಡಿದ ಕೆಲಸ 5 ನಿಮಿಷಕ್ಕೊಮ್ಮೆ ತಾನಾಗಿಯೇ ಉಳಿಕೆಯಾಗುತ್ತದೆ; ಈ ಅವಧಿಯನ್ನೂ ಬದಲಿಸಲು ಅವಕಾಶವಿದೆ.

ಬಳಕೆದಾರರ ಅಭಿಪ್ರಾಯ ಮತ್ತು ಅದರ ಪರಿಣಾಮ

ಬಳಕೆದಾರರ ಅಗತ್ಯಗಳನ್ನು ತಿಳಿಯಲು ಯೋಜನೆಯು 2012ರಿಂದ ಎರಡು ವರ್ಷಗಳಿಗೊಮ್ಮೆ ಸಮೀಕ್ಷೆ ನಡೆಸುತ್ತ ಬಂದಿದೆ. ದೋಷವರದಿ ಮತ್ತು ಹೊಸ ಸೌಲಭ್ಯದ ಕೋರಿಕೆಗಳು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ದಾಖಲಾಗುತ್ತವೆ. ಗ್ರಂಥಪಾಲಕರು, ಸಂಶೋಧಕರು, ಪತ್ರಕರ್ತರು ಹಾಗೂ ವಿಕಿಮೀಡಿಯ ಯೋಜನೆಗಳ ಸಂಪಾದಕರು ಇದರ ಪ್ರಮುಖ ಬಳಕೆದಾರರು. ‘ಲೈಬ್ರರಿ ಕಾರ್ಪೆಂಟ್ರಿ’ ಎಂಬ ತರಬೇತಿ ಕಾರ್ಯಕ್ರಮದ ಪಾಠಗಳಲ್ಲಿ ಓಪನ್‌ರಿಫೈನ್‌ಗೆ ಪ್ರತ್ಯೇಕ ಪಾಠವಿದೆ.

ಬಳಕೆದಾರರ ತೊಡಕುಗಳಿಂದ ರೂಪುಗೊಂಡ ಬದಲಾವಣೆಗಳಲ್ಲಿ ಅನುಸ್ಥಾಪನೆಯದು ಒಂದು. ತಂತ್ರಾಂಶ ನಡೆಯಲು ಜಾವಾ ಬೇಕಾಗಿದ್ದು, ಅದನ್ನು ಪ್ರತ್ಯೇಕವಾಗಿ ಅಳವಡಿಸಿಕೊಳ್ಳುವ ಹಂತದಲ್ಲಿಯೇ ಹೊಸಬರು ಎಡವುತ್ತಿದ್ದರು. ಈಗ ಜಾವಾವನ್ನು ಒಳಗೊಂಡ ಕಂತೆಯೇ ವಿಂಡೋಸ್ ಹಾಗೂ ಮ್ಯಾಕ್‌ಗಳಿಗೆ ದೊರೆಯುತ್ತದೆ. ಫ್ರೀಬೇಸ್‌ನ ಸ್ಥಾನಕ್ಕೆ ವಿಕಿಡೇಟಾ ಬಂದದ್ದರಲ್ಲಿಯೂ ಆ ಯೋಜನೆಯಲ್ಲಿ ದುಡಿಯುತ್ತಿದ್ದವರ ಪಾತ್ರ ದೊಡ್ಡದು. ಇಂಟರ್‌ಫೇಸ್‌ನ ಅನುವಾದವನ್ನು ಸ್ವಯಂಸೇವಕರು ‘ವೆಬ್ಲೇಟ್’ ಎಂಬ ವೇದಿಕೆಯ ಮೂಲಕ ನಡೆಸುತ್ತಾರೆ.

ಸೌಲಭ್ಯ ಇದ್ದರೂ ಅದರ ವರ್ತನೆ ಬಳಕೆದಾರನ ನಿರೀಕ್ಷೆಗೆ ಹೊಂದದಿರುವುದು ಗೊಂದಲದ ಇನ್ನೊಂದು ಬಗೆ. ಸಾಲುಗಳನ್ನು ವರ್ಗೀಕರಿಸಿ ಜೋಡಿಸಿದಾಗ ಆ ಕ್ರಮ ತೋರಿಕೆಯದು ಮಾತ್ರ. ‘ಶಾಶ್ವತವಾಗಿ ಮರುಜೋಡಿಸು’ ಎಂಬ ಆಯ್ಕೆಯನ್ನು ಬಳಸಿದ ಮೇಲಷ್ಟೇ ಅದು ನಿಜವಾಗುತ್ತದೆ. ಇದನ್ನು ತಿಳಿಯದೆ ನಕಲುಗಳನ್ನು ತೆಗೆಯಹೊರಟವರಿಗೆ ತಪ್ಪು ಫಲಿತಾಂಶ ದೊರೆಯುತ್ತದೆ. ಇಂತಹ ಸಂಗತಿಗಳನ್ನು ದೋಷವೆಂದು ತಿದ್ದಬೇಕೋ, ಕೈಪಿಡಿಯಲ್ಲಿ ವಿವರಿಸಿ ಬಿಡಬೇಕೋ ಎಂಬುದು ಸುಲಭದ ಪ್ರಶ್ನೆಯಲ್ಲ. ವರ್ತನೆಯನ್ನು ಬದಲಿಸಿದರೆ ಹೊಸಬರಿಗೆ ಅನುಕೂಲವಾಗಬಹುದು. ಹಳಬರು ಅದನ್ನೇ ನಂಬಿ ರೂಪಿಸಿಕೊಂಡ ಕ್ರಿಯಾಸರಣಿಗಳು ಕೆಡಬಹುದು.

ಮೆಮೊರಿಯ ಮಿತಿ ದೀರ್ಘಕಾಲದ ಸಮಸ್ಯೆಯಾಗಿಯೇ ಉಳಿದಿದೆ. ದತ್ತಾಂಶವನ್ನು ಮೆಮೊರಿಯಲ್ಲಿಡದೆ ಡಿಸ್ಕ್‌ನಿಂದಲೇ ಓದುವ ಹೊಸ ವಿನ್ಯಾಸವನ್ನು 4.0 ಆಲ್ಫಾ ಎಂಬ ಪ್ರಾಯೋಗಿಕ ಆವೃತ್ತಿಗಳಲ್ಲಿ ಪರೀಕ್ಷಿಸಲಾಯಿತು. ಇದು ತಂತ್ರಾಂಶದ ಬುನಾದಿಯನ್ನೇ ಬದಲಿಸುವ ಕೆಲಸವಾದುದರಿಂದ ಇತರರು ರಚಿಸಿದ ವಿಸ್ತರಣೆಗಳ ಹೊಂದಾಣಿಕೆಯ ಪ್ರಶ್ನೆಯೂ ಅದರೊಡನೆ ಹೆಣೆದುಕೊಂಡಿದೆ.

ಕನ್ನಡ ದತ್ತಾಂಶದೊಡನೆ ಬಳಕೆ

ಓಪನ್‌ರಿಫೈನ್ ಯೂನಿಕೋಡ್ ಅನ್ನು ಬೆಂಬಲಿಸುವುದರಿಂದ ಕನ್ನಡ ಲಿಪಿಯ ಪಟ್ಟಿಗಳನ್ನೂ ಅದರಲ್ಲಿ ತಿದ್ದಬಹುದು. ವಿಕಿಡೇಟಾದ ತಾಳೆ ನೋಡುವ ಸೇವೆಯನ್ನು ಸೇರಿಸಿಕೊಳ್ಳುವಾಗ ವಿಳಾಸದಲ್ಲಿ ಕನ್ನಡದ ಭಾಷಾಸಂಕೇತವನ್ನು ನೀಡಿದರೆ ಕನ್ನಡ ಹೆಸರುಗಳೊಡನೆ ಹೋಲಿಕೆ ನಡೆಯುತ್ತದೆ. ವಿಕಿಡೇಟಾದಲ್ಲಿ ಕನ್ನಡ ಹೆಸರು ನಮೂದಾಗಿರದಿದ್ದರೆ ಸಹಜವಾಗಿಯೇ ಹೊಂದಿಕೆ ದೊರೆಯುವುದು ಕಷ್ಟ.

ಗುಂಪುಗೂಡಿಸುವ ವಿಧಾನಗಳೆಲ್ಲವೂ ಕನ್ನಡಕ್ಕೆ ಒದಗುವುದಿಲ್ಲ. ಉಚ್ಚಾರಣೆಯನ್ನು ಆಧರಿಸಿದ ಮೆಟಾಫೋನ್ ವಿಧಾನ ಇಂಗ್ಲಿಷಿಗೂ, ಕಲೋನ್ ಧ್ವನಿವಿಧಾನ ಜರ್ಮನ್ ಭಾಷೆಗೂ ರೂಪುಗೊಂಡವು. ಕನ್ನಡ ಲಿಪಿಗೆ ಅವು ನಿರುಪಯುಕ್ತ. ಬೆರಳಚ್ಚು ವಿಧಾನ ಪದಗಳ ಕ್ರಮಭೇದವನ್ನು ಹಿಡಿಯುತ್ತದೆ. ಅಲ್ಪಪ್ರಾಣ–ಮಹಾಪ್ರಾಣ ಅಥವಾ ಹ್ರಸ್ವ–ದೀರ್ಘಗಳ ವ್ಯತ್ಯಾಸವನ್ನು ಹಿಡಿಯುವುದಿಲ್ಲ. ಅದಕ್ಕೆ ಲೆವೆನ್‌ಸ್ಟೈನ್ ಅಂತರವೇ ಸೂಕ್ತ. ಯೂನಿಕೋಡ್‌ನಲ್ಲಿ ಸ್ವರಚಿಹ್ನೆಗಳಿಗೆ ಪ್ರತ್ಯೇಕ ಸಂಕೇತಗಳಿರುವುದರಿಂದ ‘ಮೈಸೂರು’ ಮತ್ತು ‘ಮೈಸುರು’ಗಳ ನಡುವಿನ ಅಂತರ 1 ಮಾತ್ರ.

ಇಲ್ಲಿಯೂ ಪೂರ್ವನಿಯೋಜಿತ ಮೌಲ್ಯವೊಂದನ್ನು ಗಮನಿಸಬೇಕಾಗುತ್ತದೆ. ಹೋಲಿಕೆಯ ಕೆಲಸವನ್ನು ಕಡಿಮೆ ಮಾಡಲು, ಸತತವಾದ 6 ಚಿಹ್ನೆಗಳ ಸಮಾನ ತುಣುಕಿರುವ ಮೌಲ್ಯಗಳನ್ನಷ್ಟೇ ತಂತ್ರಾಂಶ ಒಂದಕ್ಕೊಂದು ಹೋಲಿಸುತ್ತದೆ. ‘ಧಾರವಾಡ’ ಮತ್ತು ‘ದಾರವಾಡ’ ಎಂಬ ಎರಡು ರೂಪಗಳಲ್ಲಿ ಸಮಾನವಾಗಿರುವುದು 5 ಸಂಕೇತಗಳು ಮಾತ್ರ. ಆದ್ದರಿಂದ ಈ ಜೋಡಿ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಯಾವ ಲಿಪಿಯಲ್ಲಿಯೇ ಆಗಲಿ ಚಿಕ್ಕ ಹೆಸರುಗಳಿಗೆ ಇದು ಅನ್ವಯಿಸುತ್ತದೆ. ಈ ಸಂಖ್ಯೆಯನ್ನು 3ಕ್ಕೆ ಇಳಿಸಿದರೆ ಜೋಡಿ ದೊರೆಯುತ್ತದೆ; ಅದಕ್ಕಿಂತ ಕೆಳಗಿಳಿಸುವುದು ಸಲಹಾರ್ಹವಲ್ಲ. ಹಾಗೆ ಇಳಿಸಿದಾಗ ಹಾಸನ ಜಿಲ್ಲೆಯ ಬೇಲೂರು ಮತ್ತು ಶಿಡ್ಲಘಟ್ಟ ತಾಲ್ಲೂಕಿನ ಮೇಲೂರು ಕೂಡ ಒಂದೇ ಗುಂಪಿನಲ್ಲಿ ಬರುತ್ತವೆ, ಏಕೆಂದರೆ ಅವುಗಳ ಅಂತರವೂ 1. ಪ್ರತಿಯೊಂದನ್ನೂ ಓದದೆ ಎಲ್ಲ ಗುಂಪುಗಳನ್ನೂ ಒಟ್ಟಿಗೆ ಆಯ್ದು ಒಂದುಗೂಡಿಸಿದರೆ ಒಂದು ಊರಿನ ದಾಖಲೆಗಳು ಇನ್ನೊಂದರ ಹೆಸರಿಗೆ ಸೇರಿಹೋಗುತ್ತವೆ. ಅಂತಹ ಪಟ್ಟಿಯನ್ನು ಮುಂದೆ ನೋಡುವವರಿಗೆ ತಪ್ಪಿನ ಕುರುಹೂ ಸಿಗುವುದಿಲ್ಲ.

ಕನ್ನಡ ಬರಹದಲ್ಲಿ ಒತ್ತಕ್ಷರವಾಗದಂತೆ ತಡೆಯಲು ಬಳಸುವ ಅಗೋಚರ ಸಂಕೇತಗಳೂ ತೊಡಕನ್ನು ತರುತ್ತವೆ. ಇವು ಕೆಲವೆಡೆ ಇದ್ದು ಕೆಲವೆಡೆ ಇಲ್ಲದಿದ್ದರೆ ಫ್ಯಾಸೆಟ್ ಪಟ್ಟಿಯಲ್ಲಿ ಒಂದೇ ಪದ ಎರಡು ಬಾರಿ ಕಾಣುತ್ತದೆ. ಯೂನಿಕೋಡ್ ಸಂಕೇತಗಳ ಫ್ಯಾಸೆಟ್‌ನಲ್ಲಿ 8204 ಮತ್ತು 8205ನೇ ಸಂಕೇತಗಳಿರುವ ಸಾಲುಗಳನ್ನು ಬೇರ್ಪಡಿಸಿ ಇದನ್ನು ಪತ್ತೆಹಚ್ಚಬಹುದು.

ಸುರಕ್ಷತೆ

2023ರಲ್ಲಿ ಒಂದು ಗಂಭೀರ ಭದ್ರತಾ ದೋಷ ಬೆಳಕಿಗೆ ಬಂದಿತು. ದುರುದ್ದೇಶದಿಂದ ಸಿದ್ಧಪಡಿಸಿದ ಯೋಜನಾ ಕಡತವನ್ನು ಆಮದು ಮಾಡಿಕೊಂಡರೆ, ಅದರ ಮೂಲಕ ಬಳಕೆದಾರನ ಯಂತ್ರದಲ್ಲಿ ಅನ್ಯರ ಕ್ರಮವಿಧಿ ನಡೆಯುವ ಸಾಧ್ಯತೆಯಿತ್ತು. 3.7.3 ಮತ್ತು ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿದ್ದ ಈ ದೋಷವನ್ನು 3.7.4ರಲ್ಲಿ ನಿವಾರಿಸಲಾಯಿತು. ತಂತ್ರಾಂಶ ಸ್ವಂತ ಯಂತ್ರದಲ್ಲಿಯೇ ನಡೆಯುವುದರಿಂದ ಹೊಸ ಆವೃತ್ತಿಗೆ ಬದಲಾಗುವ ಹೊಣೆ ಆಯಾ ಬಳಕೆದಾರನ ಮೇಲೆಯೇ ಇರುತ್ತದೆ.

ಮಿತಿಗಳು

ಹಲವರು ಏಕಕಾಲದಲ್ಲಿ ಒಂದೇ ಯೋಜನೆಯ ಮೇಲೆ ಕೆಲಸ ಮಾಡಲು ಓಪನ್‌ರಿಫೈನ್ ರೂಪುಗೊಂಡಿಲ್ಲ. ತಾಳೆ ನೋಡುವಾಗ ಕೋಶಗಳಲ್ಲಿರುವ ಹೆಸರುಗಳು ಹೊರಗಿನ ಸೇವೆಗೆ ರವಾನೆಯಾಗುವುದರಿಂದ ಗೋಪ್ಯ ಮಾಹಿತಿಯ ವಿಷಯದಲ್ಲಿ ಎಚ್ಚರ ಅಗತ್ಯ. ಅಧಿಕೃತ ಕೈಪಿಡಿ ಹಾಗೂ ದೋಷವರದಿಗಳ ಚರ್ಚೆ ಮುಖ್ಯವಾಗಿ ಇಂಗ್ಲಿಷಿನಲ್ಲಿ ನಡೆಯುತ್ತವೆ. ಹೀಗಾಗಿ ಇತರ ಭಾಷೆ ಹಾಗೂ ಲಿಪಿಗಳ ಬಳಕೆದಾರರು ಎದುರಿಸುವ ತೊಂದರೆಗಳು, ಅವರಲ್ಲಿ ಯಾರಾದರೂ ಇಂಗ್ಲಿಷಿನಲ್ಲಿ ಬರೆದು ತಿಳಿಸಿದಾಗ ಮಾತ್ರ ಅಭಿವೃದ್ಧಿಕಾರರ ಗಮನಕ್ಕೆ ಬರುವ ಸಂಭವ ಹೆಚ್ಚು.

ಇವನ್ನೂ ನೋಡಿ

ವಿಕಿಡೇಟಾ
ಮುಕ್ತ ಆಕರ ತಂತ್ರಾಂಶ
ಯೂನಿಕೋಡ್
ಕನ್ನಡ ಲಿಪಿ
ಗ್ರಂಥಾಲಯ ವಿಜ್ಞಾನ